ಎಷ್ಟು ವ್ಯಾಟ್ ಅಲ್ಲ, ಎಂಥಾ ದನಿ?
ಬಿಬಿಸಿ ಮಾದರಿ ಸ್ಪೀಕರ್ ಮನೆಗೆ ತರೋರಿಗೆ ಒಂದಿಷ್ಟು ಲೆಕ್ಕಾಚಾರ

ಸೊಲ್ಲಾಪುರ: ಸ್ಪೀಕರ್ ಕೊಳ್ಳಾಕ ಅಂಗಡಿಗೆ ಹೋದವರ ಮೊದಲ ಪ್ರಶ್ನೆ ಗೊತ್ತೇ ಇದೆ. "ಎಷ್ಟು ವ್ಯಾಟ್ ಐತ್ರಿ?" ಗಣಪತಿ ಮೆರವಣಿಗೆಗೆ ಆ ಪ್ರಶ್ನೆ ಸರಿ. ಆದರೆ ಹತ್ತು ಬೈ ಹನ್ನೆರಡರ ಕೋಣೆಯಲ್ಲಿ ಕುಳಿತು ಮಲ್ಲಿಕಾರ್ಜುನ ಮನಸೂರರ ವಚನ, ಭೀಮಸೇನ ಜೋಶಿಯವರ ದಾಸರ ಪದ, ಅವರದೇ ಮರಾಠಿ ಅಭಂಗ ಕೇಳುವವರಿಗೆ ಅದು ಎರಡನೇ ಪ್ರಶ್ನೆ. ಹಾಡುವವರ ದನಿ ಅವರ ದನಿಯಂತೆಯೇ ಕೇಳುತ್ತದೋ ಇಲ್ಲವೋ ಎಂಬುದು ಮೊದಲನೆಯದು.

ಗಡಿಭಾಗದ ಮನೆಗಳಿಗೆ ಇದು ಬರೀ ಶೋಕಿಯ ಮಾತಲ್ಲ. ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದ ಎಷ್ಟೋ ಕನ್ನಡ ಮನೆಗಳ ಮಕ್ಕಳು ಓದುವುದು ಮರಾಠಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ತಿದ್ದಿದ ಕನ್ನಡ ಅವರ ಕಿವಿಗೆ ಬೀಳುವುದು ಹಾಡಿನಿಂದ, ರೇಡಿಯೊದಿಂದ. ಅಲ್ಲಿ ಸಕಾರ ಸೀಟಿ ಹೊಡೆದು, ಮಹಾಪ್ರಾಣ ಮುಚ್ಚಿಹೋದರೆ ಹಣ ಹಾಕಿಯೂ ಏನು ಬಂತು?

ದನಿಯ ಬೆನ್ನು ಹತ್ತಿದವರು

ಈ ಪ್ರಶ್ನೆಯನ್ನು ದಶಕಗಟ್ಟಲೆ ಹಿಡಿದು ಕೂತವರು ಬ್ರಿಟನ್ನಿನ ಬಿಬಿಸಿ ಎಂಜಿನಿಯರುಗಳು. ಪ್ರಸಾರವಾಗುವ ದನಿ ಸರಿ ಇದೆಯೋ ಇಲ್ಲವೋ ನೋಡಲು ಅವರಿಗೆ ನಂಬುವಂಥ ಸ್ಪೀಕರ್ ಬೇಕಿತ್ತು. ಬಿಬಿಸಿಯ ಸಂಶೋಧನಾ ವಿಭಾಗದಲ್ಲಿ ಶಾರ್ಟರ್, ಹಾರ್ವುಡ್, ಸ್ಪೆನ್ಸರ್ ಹ್ಯೂಸ್ ಮೊದಲಾದವರು ಅಳತೆಯ ಯಂತ್ರ ನೋಡಿ ಸುಮ್ಮನಾಗಲಿಲ್ಲ. ಸ್ಟುಡಿಯೋದಲ್ಲಿ ಮನುಷ್ಯ ಮಾತಾಡುವ ದನಿಯನ್ನೂ ಸ್ಪೀಕರಿನ ದನಿಯನ್ನೂ ಕಿವಿಯಿಂದಲೇ ಹೋಲಿಸಿದರು. ಸಂಗೀತದಲ್ಲಿ ಮುಚ್ಚಿಹೋಗುವ ಐಬು ಮಾತಿನಲ್ಲಿ ಸಿಕ್ಕಿಬೀಳುತ್ತದೆ.

ಅವರ ಕೆಲಸದಲ್ಲಿ ಎಲ್ಲಕ್ಕಿಂತ ಹೆಸರಾದದ್ದು 1970ರ ದಶಕದ ಎಲ್‌ಎಸ್ 3/5ಎ. ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ದೊಡ್ಡ ಸ್ಪೀಕರ್ ಹಿಡಿಸದ್ದಕ್ಕೆ ಮಾಡಿದ ಪುಟ್ಟ ಡಬ್ಬಿ ಇದು. ಎತ್ತರ ಒಂದು ಅಡಿ, ಅಗಲ ಏಳೂವರೆ ಇಂಚು. ಒಳಗಿನ ಎರಡೂ ಘಟಕ ಕೆಇಎಫ್ ಕಂಪನಿಯವು. ಡಬ್ಬಿ ತೆಳ್ಳನೆಯ ಬರ್ಚ್ ಪ್ಲೈವುಡ್ಡಿನದು, ಒಳಮೈಗೆ ಡಾಂಬರಿನಂಥ ಪಟ್ಟಿ ಅಂಟಿಸಿರುತ್ತಾರೆ. ದಪ್ಪ ಹಲಗೆ ಒಳ್ಳೇದು ಅಂತ ನಾವು ತಿಳಿದಿರುತ್ತೇವೆ. ಆದರೆ ದಪ್ಪ ಹಲಗೆ ಮನುಷ್ಯ ದನಿಯ ಪಟ್ಟಿಯಲ್ಲೇ ತಾನೂ ಗುಂಯ್‌ಗುಡುತ್ತದೆ. ತೆಳು ಹಲಗೆಯ ನಡುಕ ಕೆಳಗಿನ ಸ್ವರಕ್ಕೆ ಸರಿಯುತ್ತದೆ, ಅದನ್ನು ಡಾಂಬರು ಪಟ್ಟಿ ನುಂಗುತ್ತದೆ. ದನಿ ಸ್ವಚ್ಛ ಉಳಿಯುತ್ತದೆ.

ಬಿಬಿಸಿ ಬಿಟ್ಟು ಹೊರಬಂದವರು ತಮ್ಮದೇ ಕಂಪನಿ ಕಟ್ಟಿದರು. ಹ್ಯೂಸ್ ತನ್ನ ಮತ್ತು ಹೆಂಡತಿ ಡೊರೊಥಿಯ ಹೆಸರು ಕೂಡಿಸಿ 'ಸ್ಪೆಂಡರ್' ಎಂದ. ಹಾರ್ವುಡ್ 1977ರಲ್ಲಿ ಹೆಂಡತಿ ಎಲಿಜಬೆತ್‌ಳ ಹೆಸರು ಸೇರಿಸಿ 'ಹಾರ್ಬೆತ್' ಎಂದ. ಗಂಡ ಹೆಂಡತಿ ಹೆಸರಿನ ಅಂಗಡಿ ನಮ್ಮ ಪೇಟೆಯಲ್ಲೂ ಕಡಿಮೆ ಇಲ್ಲ ಬಿಡಿ! ಈಗ ಎಲ್‌ಎಸ್ 3/5ಎಯನ್ನು ಫಾಲ್ಕನ್, ಗ್ರಹಾಂ ಮುಂತಾದ ಕಂಪನಿಗಳು ಮತ್ತೆ ಮಾಡುತ್ತಿವೆ. ಹೊಸ ಜೋಡಿಯ ಬೆಲೆ ಲಕ್ಷ ದಾಟುತ್ತದೆ. ಅಷ್ಟು ಆಗದವರು ವಾರ್ಫ್‌ಡೇಲ್‌ನ ಸಣ್ಣ ಡೈಮಂಡ್ ಕೇಳಿ ನೋಡಬಹುದು. 1932ರಲ್ಲಿ ಗಿಲ್ಬರ್ಟ್ ಬ್ರಿಗ್ಸ್ ಶುರು ಮಾಡಿದ ಆ ಕಂಪನಿ ಈಗ ಚೀನಾದ ಒಡೆತನದಲ್ಲಿದೆ.

ಒಂದು ಮಾತು ಮೊದಲೇ ತಿಳಿದಿರಲಿ. ಈ ಸಣ್ಣ ಡಬ್ಬಿಗಳಿಂದ ಹಲಗೆ, ಡೊಳ್ಳಿನ ಎದೆ ನಡುಗಿಸುವ ಸದ್ದು ಬರುವುದಿಲ್ಲ. ತಬಲಾದ ಡಗ್ಗಾ ಕೂಡ ತುಸು ಹಗುರ. ಅದು ಬೇಕೆಂದು ಜೋರು ಹಚ್ಚಿದರೆ ಸಣ್ಣ ವೂಫರ್ ಸುಟ್ಟುಹೋಗುತ್ತದೆ. ಮದುವೆ ಮನೆಗೆ, ಓಣಿಯ ಕಾರ್ಯಕ್ರಮಕ್ಕೆ ಇದನ್ನು ಎರವಲು ಕೊಡಲೇಬಾರದು. ಬೀಗರು ಸಿಟ್ಟಾದರೂ ಚಿಂತಿಲ್ಲ.

ಆಂಪ್ಲಿಫೈಯರ್ ಲೆಕ್ಕ

ಎಡವಟ್ಟು ಆಗುವುದು ಹೆಚ್ಚಾಗಿ ಇಲ್ಲೇ. ಒಂದೇ ಅಳತೆಯ ವಿದ್ಯುತ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಎಷ್ಟು ಸದ್ದು ಬರುತ್ತದೆ ಎಂಬುದನ್ನು ಡೆಸಿಬೆಲ್‌ನಲ್ಲಿ ಬರೆದಿರುತ್ತಾರೆ. ಹಾರ್ಬೆತ್‌ನ ಸಣ್ಣ ಪಿ3ಗೆ ಅದು ಸುಮಾರು 83, ವಾರ್ಫ್‌ಡೇಲ್‌ನ ದೊಡ್ಡ ಲಿಂಟನ್‌ಗೆ 90. ಏಳರ ಅಂತರ ಅಷ್ಟೇ ಅನಿಸಬಹುದು. ಆದರೆ ಡೆಸಿಬೆಲ್ ಲೆಕ್ಕದಲ್ಲಿ ಅದು ಐದು ಪಟ್ಟು. ಲಿಂಟನ್‌ಗೆ 5 ವ್ಯಾಟ್ ಸಾಕಾಗುವ ಕಡೆ ಪಿ3ಗೆ 25 ವ್ಯಾಟ್ ಬೇಕು.

ಎರಡನೆಯದು ಓಮ್. ಹಳೆಯ ಎಲ್‌ಎಸ್ 3/5ಎ 15 ಓಮ್‌ನದು. 8 ಓಮ್‌ಗೆ 50 ವ್ಯಾಟ್ ಕೊಡುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಅದಕ್ಕೆ ಹೆಚ್ಚುಕಡಿಮೆ ಅರ್ಧವೇ ಕೊಡುತ್ತದೆ. ಸಣ್ಣ ಕೋಣೆಗೆ ಅಷ್ಟು ಸಾಕು. ಆದರೆ ಆ 50 ಆರ್‌ಎಂಎಸ್ ಲೆಕ್ಕದ್ದಿರಬೇಕು. ಡಬ್ಬದ ಮೇಲೆ ಪಿಎಂಪಿಒ ಎಂದು ಬರೆದ ಸಾವಿರ ವ್ಯಾಟ್ ಬರೀ ಜಾಹೀರಾತು, ಅದಕ್ಕೊಂದು ನಿಯಮವೇ ಇಲ್ಲ.

ಜೋಡಿ ಯಾವುದು? ಹಳೆಯ ಪದ್ಧತಿ ಬೇಕೆಂದವರು ಪೀಟರ್ ವಾಕರ್ ಕಟ್ಟಿದ ಕ್ವಾಡ್ ಕಂಪನಿಯ 33 ಮತ್ತು 303 ಹುಡುಕುತ್ತಾರೆ. 1967ರದು, 8 ಓಮ್‌ಗೆ 45 ವ್ಯಾಟ್. ಕಡಿಮೆ ಖರ್ಚಿನದು ಎಂದರೆ 1978ರ ಎನ್‌ಎಡಿ 3020. ಬರೆದದ್ದು 20 ವ್ಯಾಟ್, ಆದರೆ ಬರೆದದ್ದಕ್ಕಿಂತ ಗಟ್ಟಿ. ಬ್ರಿಟನ್ನಿನದೂ ನಮ್ಮಂತೆ 50 ಹರ್ಟ್ಸ್ ಕರೆಂಟ್, 240 ವೋಲ್ಟಿನ ಹಳೆಯ ಯಂತ್ರ ಇಲ್ಲಿ ನೇರ ನಡೆಯುತ್ತದೆ. ಅಮೆರಿಕದ 110 ವೋಲ್ಟಿನದನ್ನು ಹಾಗೇ ಚುಚ್ಚಿದರೆ ಹೊಗೆ ಬರುತ್ತದೆ. ನಲವತ್ತು, ಐವತ್ತು ವರ್ಷದ ಕಪಾಸಿಟರ್ ಒಣಗಿರುತ್ತವೆ, ರಿಪೇರಿ ಖರ್ಚು ಸೇರಿಸಿಯೇ ಬೆಲೆ ಕಟ್ಟಬೇಕು. ಕ್ವಾಡ್ 33ಕ್ಕೆ ಡಿನ್ ಪಿನ್ನಿನ ವೈರ್ ಬೇರೆ ಬೇಕು. ಇಷ್ಟೆಲ್ಲ ತಾಪತ್ರಯ ಬೇಡ ಎನ್ನುವವರಿಗೆ ಹೊಸ 50 ವ್ಯಾಟಿನ ಸಾದಾ ಸ್ಟೀರಿಯೊ ಆಂಪ್ಲಿಫೈಯರ್ರೇ ಮೇಲು.

ಕೊಳ್ಳುವ ಮೊದಲು ಬಿಬಿಸಿಯವರು ಮಾಡಿದ್ದನ್ನೇ ಮಾಡಬಹುದು. ಮನೆಯಲ್ಲಿ ಅವ್ವ ಇಲ್ಲವೇ ಅಜ್ಜ ನಿಧಾನ ಮಾತಾಡಿದ್ದನ್ನು ರೆಕಾರ್ಡ್ ಮಾಡಿ ಒಯ್ದು ಅಂಗಡಿಯಲ್ಲಿ ಹಚ್ಚಿಸಬೇಕು. ದಿನಾ ಕೇಳುವ ದನಿ, ಕಿವಿ ಮೋಸ ಹೋಗುವುದಿಲ್ಲ. ಹಾಡು ಆಮೇಲೆ.

ಮನೆಗೆ ತಂದ ಮೇಲೆ ಕಪಾಟಿನ ಮೇಲೆ, ಶೋಕೇಸಿನ ಗಾಜಿನ ಒಳಗೆ ಇಡಬಾರದು. ಎರಡು ಅಡಿ ಎತ್ತರದ ಗಟ್ಟಿ ಸ್ಟ್ಯಾಂಡ್ ಬೇಕು, ಮೇಲಿನ ಸಣ್ಣ ಟ್ವೀಟರ್ ಕುಳಿತವರ ಕಿವಿಯ ಮಟ್ಟಕ್ಕೆ ಬರಬೇಕು. ಗೋಡೆಯಿಂದ ತುಸು ಈಚೆ ಇರಲಿ. ಎಲ್‌ಎಸ್ 3/5ಎ ಆದರೆ ಮುಂದಿನ ಬಟ್ಟೆಯ ಜಾಳಿಗೆ ತೆಗೆಯಬಾರದು, ಅದು ಇರುವಂತೆಯೇ ದನಿ ಹೊಂದಿಸಿದ್ದಾರೆ.

ನಮ್ಮ ಕಡೆಯ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಫರಸಿ, ಮೇಲೆ ಪತ್ರಾ ಇಲ್ಲವೇ ಸ್ಲ್ಯಾಬ್, ಬರಿಗೋಡೆ. ದನಿ ಅಲ್ಲಿಂದಿಲ್ಲಿಗೆ ಪುಟಿದು ಮಾತು ಕಲಸಿಹೋಗುತ್ತದೆ. ಸ್ಪೀಕರ್ ಬದಲಾಯಿಸುವ ಮೊದಲು ಸೊಲ್ಲಾಪುರ ಚಾದರ್ ಎರಡು ಮಡಿಕೆ ಮಾಡಿ ಮುಂದಿನ ನೆಲದ ಮೇಲೆ ಹಾಸಿ, ಇನ್ನೊಂದನ್ನು ಎದುರಿನ ಗೋಡೆಗೆ ತೂಗುಹಾಕಿ ಕೇಳಿ ನೋಡಬೇಕು. ಮನೆಯಲ್ಲೇ ಇರುವ ಚಾದರ್, ಖರ್ಚೇನೂ ಇಲ್ಲ.