ಹದವರಿತ ಉಕ್ಕು

ಮನೆಯ ಈಳಿಗೆಮಣೆಯ ಅಲಗು ಸವೆದು ಮೊಂಡಾಗಿದ್ದುದರಿಂದ ಅದನ್ನು ಶಿಡ್ಲಘಟ್ಟದ ಸಮೀಪದ ಹಳ್ಳಿಯೊಂದರ ಕುಲುಮೆಗೆ ಒಯ್ದಿದ್ದೆನು. ಆಚಾರರು ಅದನ್ನು ತಿರುವಿ ನೋಡಿ, "ಅರ್ಧ ಗಂಟೆ ಕೆಲಸ, ಕೂತ್ಕೊಳ್ಳಿ ಅಯ್ನೋರೇ" ಎಂದರು. ಆ ಅರ್ಧ ಗಂಟೆ ಆರು ದಿನಗಳ ಪಾಠವಾಗಿ ಬೆಳೆಯಿತು. ಅಮರಕೋಶವನ್ನು ಬಾಯಿಪಾಠ ಮಾಡಿ ಮಠದ ಪಾಠಶಾಲೆಯಿಂದ ಹೊರಬಂದವನಿಗೆ ಅರವತ್ತು ದಾಟಿದ ಮೇಲೆ ತರಕಾರಿಯ ಚಾಕುವೊಂದನ್ನು ಸ್ವತಃ ಬಡಿಯುವ ಹಂಬಲವೇಕೆಂದು ಮನೆಯವರು ಈಗಲೂ ಕೇಳುತ್ತಾರೆ. ಕಾಯಕವನ್ನು ಕುರಿತು ಮೂವತ್ತು ವರ್ಷ ಪ್ರವಚನ ಹೇಳಿದ ನನ್ನ ಅಂಗೈಯಲ್ಲಿ ಬೊಕ್ಕೆ ಎದ್ದುದು ಇದೇ ಮೊದಲು.

ಹಿಂದೆ ಊರಿನ ಆಯಗಾರರಲ್ಲಿ ಕಮ್ಮಾರನೂ ಒಬ್ಬ. ನೇಗಿಲಿನ ಗುಳ ತಟ್ಟಿ, ಕುಡುಗೋಲಿಗೆ ಕಕ್ಕು ಹಾಕಿ, ಸುಗ್ಗಿಯಲ್ಲಿ ಕಣದಿಂದ ತನ್ನ ಪಾಲಿನ ರಾಗಿ ಪಡೆಯುತ್ತಿದ್ದನು. ಟ್ರಾಕ್ಟರು ಬಂದು ಗುಳದ ಕೆಲಸ ಹೋಯಿತು. ಕಾರ್ಖಾನೆಯ ಚಾಕು ಗೌರಿಬಿದನೂರಿನ ಸಂತೆಯಲ್ಲಿಯೂ ಚಿಕ್ಕಬಳ್ಳಾಪುರದ ಅಂಗಡಿಗಳಲ್ಲಿಯೂ ಸುಲಭವಾಗಿ ಸಿಗುತ್ತದೆ. ಈ ಆಚಾರರಿಗೆ ಅನ್ನ ನೀಡುತ್ತಿರುವುದು ಹಿಪ್ಪುನೇರಳೆ ಕೊಯ್ಯುವ ಕುಡುಗೋಲು, ತೆಂಗಿನಕಾಯಿಯ ಮಚ್ಚು. ಮಗ ಬೆಂಗಳೂರಿನಲ್ಲಿ ನೌಕರಿಗಿದ್ದಾನೆ.

ಚಿಂತಾಮಣಿಯ ಗುಜರಿಯಿಂದ ತಂದ ಲಾರಿಯ ಕಮಾನುಪಟ್ಟಿಯ ತುಂಡೇ ನನ್ನ ಮೂಲದ್ರವ್ಯ. ಕುಲುಮೆಯ ಮನೆಯನ್ನು ಏಕೆ ಕತ್ತಲಾಗಿ ಇಟ್ಟಿರುತ್ತಾರೆಂಬುದು ಮೊದಲ ದಿನವೇ ತಿಳಿಯಿತು: ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ಕಾಣದು. ಬಣ್ಣವೇ ಅಲ್ಲಿಯ ಶಾಸ್ತ್ರ. ಕೆಂಪು ಕಂದಿದ ಮೇಲೂ ಬಡಿದರೆ ಬಿರುಕು. ಬಿಳಿಯ ಕಿಡಿ ಹಾರಿತೆಂದರೆ ಉಕ್ಕು ಉರಿದುಹೋಗುತ್ತಿದೆಯೆಂದರ್ಥ. ಅಲಗಿನ ಬಾಯಿಯನ್ನು ತೆಳ್ಳಗೆ ಬಡಿದಂತೆ ಆ ಬದಿ ಹಿಗ್ಗಿ ಚಾಕು ಬೆನ್ನಿನ ಕಡೆಗೆ ಬಾಗುತ್ತದೆ. ಆದಕಾರಣ ಮೊದಲೇ ಅದನ್ನು ಬಾಯಿಯ ಕಡೆಗೆ ತುಸು ಬಗ್ಗಿಸಿಕೊಳ್ಳಬೇಕು. ಇದನ್ನು ತಿಳಿಯದೆ ನಾನು ಬಡಿದದ್ದು ಚಾಕುವಾಗದೆ ಬಾಳೆಹಣ್ಣಿನಂತಾಯಿತು.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಕಬ್ಬಿಣ ಕರಗಿಸಿ ಉಕ್ಕು ಮಾಡುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆಗೆ ತಂಗಡಿಯ ಕಡ್ಡಿಯನ್ನೂ ಹಸಿರೆಲೆಯನ್ನೂ ಇಟ್ಟು ಮುಚ್ಚಿ ಕಾಯಿಸಿದರೆ, ಅವುಗಳ ಇಂಗಾಲ ಸೇರಿ ಕಬ್ಬಿಣವು ಉಕ್ಕಾಗುತ್ತಿತ್ತು. ಇಂಗ್ಲಿಷರು 'ವೂಟ್ಜ್' ಎಂದು ಕರೆದ ಉಕ್ಕಿನ ಹೆಸರು ನಮ್ಮ 'ಉಕ್ಕು' ಶಬ್ದದಿಂದಲೇ ಬಂದಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್‌ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದನ್ನು ಕುರಿತ ಪ್ರಬಂಧವನ್ನಿಟ್ಟನು. ಈ ಸಂಗತಿಯನ್ನು ಆಚಾರರಿಗೆ ಉತ್ಸಾಹದಿಂದ ಹೇಳಿದೆನು. ಅವರು, "ಸರಿ ಸ್ವಾಮಿ, ತಿದಿ ನಿಂತೋಯ್ತು" ಎಂದರು.

ನಾಲ್ಕನೆಯ ದಿನ ಚಾಕು ಆಕಾರಕ್ಕೆ ಬಂದಿತು. ಕೆಂಪಗೆ ಕಾಯಿಸಿ ಹೊಂಗೆಯೆಣ್ಣೆಯಲ್ಲಿ ಅದ್ದಿದೆನು. ಅರ ತಿಕ್ಕಿದರೆ ಜಾರುವಷ್ಟು ಗಡುಸು! ಹಿಗ್ಗಿನಲ್ಲಿ ಎತ್ತಿ ತೋರಿಸುವಾಗ ಕೈಜಾರಿ ಕಲ್ಲಿನ ಮೇಲೆ ಬಿದ್ದು, ಗಾಜಿನ ಬಳೆಯಂತೆ ಎರಡು ತುಂಡಾಯಿತು. ಆಚಾರರು ಗದರಲಿಲ್ಲ. ಮುರಿದ ಮೈಯನ್ನು ಬೆಳಕಿಗೆ ಹಿಡಿದು, "ನೋಡಿ, ಸಕ್ಕರೆ ಹರಳಿನಂಗಿದೆ. ಕಾವು ಜಾಸ್ತಿ ಆಯ್ತು. ಸರಿಯಾಗಿದ್ರೆ ನುಣ್ಣನೆ ಬೂದಿ ಥರ ಇರ್ತದೆ" ಎಂದು ಇನ್ನೊಂದು ತುಂಡನ್ನು ಕೈಗಿಟ್ಟರು.

ಕಾವು ಸರಿಯಾಗಿದ್ದರೂ ಅದ್ದಿದ ಉಕ್ಕು ಬರಿಯ ಗಡುಸೇ. ಅದಕ್ಕೆ ತಾಳಿಕೆ ಬರುವುದು ಎರಡನೆಯ, ಮೆಲ್ಲನೆಯ ಕಾವಿನಿಂದ. ಎರಡನೆಯ ಚಾಕುವನ್ನು ಅದ್ದಿ, ಹೊಳೆಯುವಂತೆ ಉಜ್ಜಿ, ಕಾದ ಕಬ್ಬಿಣದ ಮೇಲೆ ಅದರ ಬೆನ್ನನ್ನಿಟ್ಟೆವು. ಬಣ್ಣಗಳು ಬೆನ್ನಿನಿಂದ ಬಾಯಿಯ ಕಡೆಗೆ ಹರಿದುಬಂದವು: ಮುಂದೆ ಒಣಹುಲ್ಲಿನ ಹಳದಿ, ಹಿಂದೆ ಕಂದು, ನೇರಳೆ, ಕೊನೆಗೆ ನೀಲಿ. ಬಾಯಿಗೆ ಹುಲ್ಲಿನ ಬಣ್ಣ ಮುಟ್ಟಿದೊಡನೆ ನೀರಿಗೆ. ಅಲ್ಲಿ ಕಾವು ಸುಮಾರು 230 ಡಿಗ್ರಿ, ನೀಲಿಯಾದ ಬೆನ್ನಿನಲ್ಲಿ ಸುಮಾರು 300. ಬಾಯಿ ಹರಿತವಾಗಿ ಉಳಿಯುತ್ತದೆ, ಬೆನ್ನು ಪೆಟ್ಟು ತಾಳುತ್ತದೆ. ಇದಕ್ಕೆ ಅವರು ಹೇಳುವುದು 'ಹದ'. ಪಾಕಕ್ಕೂ ಹೊಲಕ್ಕೂ ನಾವು ಹೇಳುವ ಅದೇ ಮಾತು.

ಕಡೆಯ ದಿನ ಗುರುದಕ್ಷಿಣೆಯ ಮಾತೆತ್ತಿದಾಗ ಅವರು ಹಣ ಕೇಳಲಿಲ್ಲ. "ನೀವು ಬರೆಯೋರು. ಈ ಬಣ್ಣಗಳನ್ನೆಲ್ಲ ಬರ್ಕೊಡಿ. ರಜೆಗೆ ಬರೋ ಮೊಮ್ಮಗನಿಗೆ ತೋರಿಸ್ತೀನಿ" ಎಂದರು. ಬರೆಯಲು ಕುಳಿತರೆ ನನ್ನ ನಿಘಂಟುಗಳೆಲ್ಲ ರಕ್ತ, ಲೋಹಿತ, ಅರುಣ ಎಂದು ನಿಂತವು. ಕುಲುಮೆಯ ಕೆಂಪಿಗೆ ಅವು ಯಾವುವೂ ಒದಗಲಿಲ್ಲ. ಕೊನೆಗೆ ಆಚಾರರ ಬಾಯಿಂದಲೇ ಕೇಳಿ ಬರೆದೆನು: ಬಡಿಯುವುದನ್ನು ನಿಲ್ಲಿಸುವಾಗ ಮಾಗಿದ ಹಿಪ್ಪುನೇರಳೆ ಹಣ್ಣು, ಎಣ್ಣೆಗೆ ಅದ್ದುವಾಗ ಟೊಮ್ಯಾಟೊ, ಬಡಿಯಲು ತೊಡಗುವಾಗ ಕಿತ್ತಳೆ.

ಮೊಮ್ಮಗನು ಬಂದಿದ್ದನೆಂದೂ, ಕಾಗದವನ್ನು ಗಟ್ಟಿಯಾಗಿ ಓದುತ್ತ ಒಂದು ಮಧ್ಯಾಹ್ನ ತಿದಿ ತಿರುಗಿಸಿದನೆಂದೂ ಕೇಳಿದೆನು. ನನ್ನ ಚಾಕು ಈಗ ಅಡುಗೆಮನೆಯಲ್ಲಿದೆ. ಅಲಗು ಚೆನ್ನಾಗಿದೆಯೆಂದೂ ಹಿಡಿ ಸಡಿಲವೆಂದೂ ಮನೆಯಾಕೆಯ ತೀರ್ಪು. ಅರಗು ತುಂಬಿಸಲು ಹೋಗಬೇಕಾಗಿದೆ, ಅಮಾವಾಸ್ಯೆ ಕಳೆದ ಮೇಲೆ. ಅಂದು ಅವರು ಕುಲುಮೆ ಹೊತ್ತಿಸುವುದಿಲ್ಲ.