ಶೆಡ್ಡಿಗೊಂದು ಸೌದೆ ಒಲೆ

ಆಷಾಢದ ಚೆಟ್ಟಳ್ಳಿ. ಬಟ್ಟೆ ಒಣಗಲ್ಲ, ಮೈ ಬೆಚ್ಚಗಾಗಲ್ಲ. ತೋಟದ ಶೆಡ್ಡಲ್ಲಿ ಸೌದೆ ಒಲೆ ಕೂರಿಸೋಣ ಅಂತೀರಾ? ಕೂರಿಸಿ. ಮೊದಲು ಕಳೆ ಯಂತ್ರದ ಪೆಟ್ರೋಲ್ ಕ್ಯಾನು, ಗೋಣಿಚೀಲ ಎಲ್ಲ ಆಚೆ ಹೋಗಲಿ.

ಕಬ್ಬಿಣದ ಒಲೆ ಸಿಮೆಂಟ್ ನೆಲದ ಮೇಲೆ, ಹಲಗೆ ಗೋಡೆಯಿಂದ 3 ಅಡಿ ದೂರ.

ನಿಜವಾದ ಅಪಾಯ ಇರೋದು ತಲೆ ಮೇಲೆ. ಹೊಗೆ ಕೊಳವೆ ತಗಡು ದಾಟುವ ಕಡೆ ಮರದ ಪಕಾಸಿ ಪಕ್ಕದಲ್ಲೇ ಇರುತ್ತೆ. ಅಲ್ಲಿ ಶಾಖ ತಡೆಯುವ ಎರಡು ಪದರದ ಕೊಳವೆಯೇ ಬೇಕು, ಅದೂ ಮರಕ್ಕೆ ತಾಗದಂತೆ. ಮಾಡಿನಿಂದ ಮೇಲೆ 3 ಅಡಿಯಾದರೂ ಎದ್ದಿರಲಿ, ತುದಿಗೆ ಟೊಪ್ಪಿ. ನಮ್ಮ ಮಳೆ ಗೊತ್ತಲ್ಲ!

ಹಸಿ ಸಿಲ್ವರ್ ಓಕ್ ಉರಿಸಬೇಡಿ. ಅದರ ಹೊಗೆ ಕೊಳವೆಯೊಳಗೆ ಟಾರಿನಂತೆ ಅಂಟುತ್ತೆ. ಆಮೇಲೆ ಅದಕ್ಕೇ ಬೆಂಕಿ ಹತ್ತುತ್ತೆ.

ಚಳಿ ಅಂತ ಕಿಟಕಿ ಪೂರ್ತಿ ಮುಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕೆಂಡ ಇರುವಾಗ ಆ ಶೆಡ್ಡಲ್ಲಿ ಮಲಗಲೇಬೇಡಿ.