ಹಿರಿಯರ ಜ್ವರ, ಬೆನ್ನುನೋವು: ಮಹಾಪಧಮನಿಯ ಕಡೆಗೂ ಗಮನವಿರಲಿ

ಎಪ್ಪತ್ತು ದಾಟಿದ ಹಿರಿಯರಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತದೆ. ಜೊತೆಗೆ ಬೆನ್ನು ಇಲ್ಲವೆ ಹೊಟ್ಟೆಯಲ್ಲಿ ನೋವು. ‘ವಯಸ್ಸಾಯಿತಲ್ಲ’ ಎಂದು ಮನೆಯವರು ಮುಲಾಮು ಹಚ್ಚಿ, ಜ್ವರದ ಮಾತ್ರೆ ಕೊಟ್ಟು ಸುಮ್ಮನಾಗುತ್ತಾರೆ. ಹೆಚ್ಚಿನವರಲ್ಲಿ ಕಾರಣ ಸಾಮಾನ್ಯವಾದದ್ದೇ. ಆದರೆ ಅಪರೂಪಕ್ಕೊಮ್ಮೆ ಇದು ಮಹಾಪಧಮನಿಗೆ ಸೋಂಕು ತಗುಲಿರುವುದರ ಸೂಚನೆಯೂ ಆಗಿರಬಹುದು.

ಹೃದಯದಿಂದ ಹೊರಟು ದೇಹಕ್ಕೆಲ್ಲ ರಕ್ತ ಒಯ್ಯುವ ದೊಡ್ಡ ರಕ್ತನಾಳವೇ ಮಹಾಪಧಮನಿ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸುಮಾರು 2 ಸೆಂ.ಮೀ. ಗೋಡೆ ದುರ್ಬಲವಾಗಿ ಅಲ್ಲಿ 3 ಸೆಂ.ಮೀ. ಅಥವಾ ಹೆಚ್ಚು ಉಬ್ಬಿದರೆ ವೈದ್ಯರು ಅದನ್ನು ಅನ್ಯೂರಿಸಂ ಎನ್ನುತ್ತಾರೆ. ಸಾಮಾನ್ಯ ಉಬ್ಬು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಸೋಂಕಿನ ಉಬ್ಬು ಹಾಗಲ್ಲ. ಬೇಗ ಹಿಗ್ಗಿ, ಚಿಕ್ಕದಿರುವಾಗಲೇ ಒಡೆಯಬಹುದು. ಒಡೆದರೆ ಜೀವ ಉಳಿಸುವುದು ಬಲು ಕಷ್ಟ.

ಹಿರಿಯರಲ್ಲೇ ಏಕೆ ಹೆಚ್ಚು? ವಯಸ್ಸಾದಂತೆ ರಕ್ತನಾಳದ ಒಳಪದರದಲ್ಲಿ ಕೊಬ್ಬು, ಸುಣ್ಣದಂಶ ಕಟ್ಟಿಕೊಂಡು ಅದು ಒರಟಾಗುತ್ತದೆ. ರಕ್ತದೊಡನೆ ಬಂದ ಸಾಲ್ಮೊನೆಲ್ಲಾ, ಸ್ಟೆಫಿಲೊಕಾಕಸ್ ಮುಂತಾದ ಬ್ಯಾಕ್ಟೀರಿಯಾಗಳು ಅಲ್ಲಿ ನೆಲೆಯೂರುತ್ತವೆ. ಸಕ್ಕರೆ ಕಾಯಿಲೆಯಿದ್ದರೆ ಅಪಾಯ ಇನ್ನೂ ಹೆಚ್ಚು. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಕಾಣಿಸಿಕೊಳ್ಳುವ, ಮಣ್ಣು-ನೀರಿನಿಂದ ತಗಲುವ ಮೆಲಿಯಾಯ್ಡೋಸಿಸ್ ರೋಗಾಣುವೂ ಇದಕ್ಕೆ ಕಾರಣವಾಗಬಲ್ಲದು. 1885ರಲ್ಲಿ ವಿಲಿಯಂ ಆಸ್ಲರ್ ಇಂಥ ಉಬ್ಬಿಗೆ ‘ಮೈಕಾಟಿಕ್’ ಎಂಬ ಹೆಸರು ಕೊಟ್ಟರು. ವರದಿಯಲ್ಲಿ ಆ ಪದ ಕಂಡು ಇದು ಶಿಲೀಂಧ್ರದ ರೋಗವೆಂದು ತಿಳಿಯಬೇಡಿ. ಬಹುಪಾಲು ಬ್ಯಾಕ್ಟೀರಿಯಾಗಳೇ ಕಾರಣ.

ಪತ್ತೆಗೆ ಎರಡು ಪರೀಕ್ಷೆಗಳು ಮುಖ್ಯ. ರಕ್ತದ ಕಲ್ಚರ್‌ನಿಂದ ರೋಗಾಣು ಯಾವುದೆಂದು ತಿಳಿಯುತ್ತದೆ, ಸಿ.ಟಿ. ಆಂಜಿಯೋಗ್ರಾಂ ಉಬ್ಬಿನ ಆಕಾರವನ್ನೂ ಸುತ್ತಲಿನ ಊತವನ್ನೂ ತೋರಿಸುತ್ತದೆ. ಆಂಟಿಬಯಾಟಿಕ್ ಆರಂಭಿಸುವ ಮೊದಲೇ ರಕ್ತ ತೆಗೆದರೆ ಒಳ್ಳೆಯದು. ಅಂಗಡಿಯಿಂದ ತಂದ ಮಾತ್ರೆ ನುಂಗಿದ್ದರೆ ರೋಗಾಣು ಕಲ್ಚರ್‌ನಲ್ಲಿ ಬೆಳೆಯದೆ ಹೋಗಬಹುದು. ಕಲ್ಚರ್‌ನಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ಸೋಂಕಿಲ್ಲ ಎನ್ನುವಂತಿಲ್ಲ.

ಚಿಕಿತ್ಸೆಯಲ್ಲಿ ರಕ್ತನಾಳದ ಮೂಲಕ ವಾರಗಟ್ಟಲೆ ಆಂಟಿಬಯಾಟಿಕ್ ಕೊಡುತ್ತಾರೆ. ಸಾಮಾನ್ಯವಾಗಿ ಅಷ್ಟೇ ಸಾಲದು. ಶಸ್ತ್ರಚಿಕಿತ್ಸೆ ಮಾಡಿ ಸೋಂಕಿನ ಭಾಗವನ್ನು ತೆಗೆದು, ಕೃತಕ ನಾಳವನ್ನೋ ರೋಗಿಯದೇ ಅಭಿಧಮನಿಯನ್ನೋ ಜೋಡಿಸುತ್ತಾರೆ. ದೊಡ್ಡ ಶಸ್ತ್ರಚಿಕಿತ್ಸೆ ತಾಳಲಾರದ ಹಿರಿಯರಿಗೆ, 1990ರ ದಶಕದಿಂದ ಬಳಕೆಗೆ ಬಂದ ವಿಧಾನದಲ್ಲಿ, ತೊಡೆಸಂದಿಯ ರಕ್ತನಾಳದ ಮೂಲಕ ಸ್ಟೆಂಟ್ ನಾಳ ಸೇರಿಸುವುದುಂಟು. ಆದರೆ ಸೋಂಕಿನ ಭಾಗ ಒಳಗೇ ಉಳಿಯುವುದರಿಂದ ಔಷಧಿಯನ್ನು ತಿಂಗಳುಗಟ್ಟಲೆ, ಕೆಲವರಿಗೆ ಜೀವನಪರ್ಯಂತ, ಮುಂದುವರಿಸಬೇಕಾಗುತ್ತದೆ.

ಆದ್ದರಿಂದ ಮನೆಯ ಹಿರಿಯರಿಗೆ ಜ್ವರವೂ ಬೆನ್ನು ಅಥವಾ ಹೊಟ್ಟೆ ನೋವೂ ಒಟ್ಟಿಗೆ ಇದ್ದರೆ ವೈದ್ಯರಿಗೆ ಎರಡನ್ನೂ ಹೇಳಿ. ಸಕ್ಕರೆ ಕಾಯಿಲೆ, ಈಚಿನ ಭೇದಿ, ನುಂಗಿದ ಮಾತ್ರೆಗಳ ವಿಷಯವನ್ನೂ ತಿಳಿಸಿ. ನೋವು ಹಠಾತ್ತಾಗಿ ಹೆಚ್ಚಿ, ತಲೆ ಸುತ್ತಿ ಬೆವರಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.